ಕಂಪನಿ ವೆಬ್‌ಸೈಟ್‌ನ ಸರ್ವರ್ ಆಫೀಸಿನಲ್ಲೇ ಇರಲಾ, ಹೊರಗೆ ಕೊಡೋಣವಾ? ಹಂತ ಹಂತವಾಗಿ ನಿರ್ಧರಿಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಒಂದು ಕಂಪನಿ ಇದೆ ಅಂದುಕೊಳ್ಳಿ. ಐವತ್ತು ಅರವತ್ತು ಜನ, ಹೈಡ್ರಾಲಿಕ್ ಬಿಡಿಭಾಗಗಳ ಕೆಲಸ. ವೆಬ್‌ಸೈಟ್‌ನಲ್ಲಿ ಕ್ಯಾಟಲಾಗ್ ಇದೆ, ಎನ್‌ಕ್ವೈರಿ ಫಾರ್ಮ್ ಇದೆ, ಡೀಲರ್‌ಗಳು ಲಾಗಿನ್ ಆಗಿ ಸ್ಟಾಕ್ ನೋಡುವ ಒಂದು ಪುಟ ಇದೆ. ಹೋಸ್ಟಿಂಗ್‌ನ, ಅಂದರೆ ಸೈಟ್ ಇಟ್ಟಿರುವ ಹೊರಗಿನ ಸರ್ವರ್‌ನ ಬಾಡಿಗೆಯ, ರಿನ್ಯೂವಲ್ ಬಿಲ್ ಬಂದ ದಿನ ಮಾಲೀಕರು ಕೇಳುತ್ತಾರೆ: "ಆಫೀಸಿನಲ್ಲೇ ಸರ್ವರ್ ಇದೆಯಲ್ರೀ, ಟ್ಯಾಲಿ ಅದರಲ್ಲೇ ಓಡ್ತಿದೆ. ವೆಬ್‌ಸೈಟನ್ನೂ ಅದಕ್ಕೇ ಹಾಕಿದರೆ ಈ ದುಡ್ಡು ಉಳಿಯೋದಿಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಂಪನಿಗೆ ಯಂತ್ರ ಹೊರಗಿರಬೇಕು, ಬೀಗದ ಕೈ ಮಾತ್ರ ಒಳಗಿರಬೇಕು. ನಮ್ಮಲ್ಲಿ ಹೆಚ್ಚಾಗಿ ಆಗುವುದು ಇದರ ಉಲ್ಟಾ. ಯಂತ್ರ ಎಲ್ಲಿರಬೇಕು ಅಂತ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ, ಡೊಮೇನ್‌ನ (ಸೈಟಿನ ವಿಳಾಸವಾಗಿರುವ ಹೆಸರಿನ) ಪಾಸ್‌ವರ್ಡ್ ಮಾತ್ರ ಕೆಲಸ ಬಿಟ್ಟು ಹೋದ ಯಾರದೋ ಮೊಬೈಲ್‌ನಲ್ಲಿರುತ್ತದೆ. ಆದರೂ ನಿಮ್ಮ ಕಂಪನಿ ಈ ಮಾತಿಗೆ ಹೊರತಾಗಿರಬಹುದು. ಅದನ್ನು ನೀವೇ ಲೆಕ್ಕ ಹಾಕಿ ತಿಳಿದುಕೊಳ್ಳಲು ಈ ಹಂತಗಳು.

ಶುರುಮಾಡುವ ಮೊದಲು: ಇರುವ ದಾರಿ ಎರಡೇ ಅಲ್ಲ

"ನಮ್ಮದೇ ಸರ್ವರ್" ಅಂದರೆ ಎರಡು ಅರ್ಥ ಬರುತ್ತದೆ. ಯಂತ್ರ ನಿಮ್ಮದು, ಜಾಗವೂ ನಿಮ್ಮ ಆಫೀಸು. ಇದು ಒಂದು. ಯಂತ್ರ ನಿಮ್ಮದೇ, ಆದರೆ ಅದನ್ನು ಬೆಂಗಳೂರಿನಲ್ಲೋ ಮುಂಬೈನಲ್ಲೋ ಇರುವ ಡೇಟಾ ಸೆಂಟರ್‌ನಲ್ಲಿ (ಸರ್ವರ್‌ಗಳನ್ನು ಇಡಲೆಂದೇ ಕಟ್ಟಿದ ಕಟ್ಟಡದಲ್ಲಿ) ಇಟ್ಟು, ಜಾಗ, ಕರೆಂಟು, ಲೈನಿಗೆ ಬಾಡಿಗೆ ಕಟ್ಟುವುದು ಇನ್ನೊಂದು. ಇದಕ್ಕೆ ಕೋಲೊಕೇಶನ್ ಅನ್ನುತ್ತಾರೆ.

"ಹೊರಗೆ ಕೊಡುವುದು" ಅನ್ನುವುದರಲ್ಲೂ ಹಾಗೇ. ಒಂದೇ ಯಂತ್ರದಲ್ಲಿ ನೂರಾರು ಸೈಟ್‌ಗಳ ಜೊತೆ ಇರುವ ಶೇರ್ಡ್ ಹೋಸ್ಟಿಂಗ್ ಅಗ್ಗ. ವಿಪಿಎಸ್ (ವರ್ಚುವಲ್ ಪ್ರೈವೇಟ್ ಸರ್ವರ್) ಅಥವಾ ಕ್ಲೌಡ್‌ನಲ್ಲಿ ದೊಡ್ಡ ಯಂತ್ರದ ಒಂದು ಪಾಲು ನಿಮಗೇ ಅಂತ ಸಿಗುತ್ತದೆ, ಆದರೆ ಒಳಗಿನ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಿಮ್ಮ ಕೆಲಸ. ಮ್ಯಾನೇಜ್ಡ್ ಹೋಸ್ಟಿಂಗ್‌ನಲ್ಲಿ ಆ ಕೆಲಸವನ್ನೂ ಅವರೇ ಮಾಡುತ್ತಾರೆ. ವಿಪಿಎಸ್ ತೆಗೆದುಕೊಂಡು "ಹೊರಗೆ ಕೊಟ್ಟಾಯ್ತು, ಇನ್ನು ನಮಗೇನೂ ತಲೆನೋವಿಲ್ಲ" ಅಂದುಕೊಳ್ಳುವವರು ತುಂಬಾ ಜನ. ಅಪ್‌ಡೇಟ್ ಮಾಡುವವರೇ ಇಲ್ಲದೆ ವರ್ಷಗಟ್ಟಲೆ ಬಿದ್ದಿರುವ ವಿಪಿಎಸ್, ಆಫೀಸಿನ ಮೂಲೆಯ ಸರ್ವರ್‌ಗಿಂತ ಯಾವ ರೀತಿಯಲ್ಲೂ ಸುರಕ್ಷಿತವಲ್ಲ.

ಹಂತ 1: ವೆಬ್‌ಸೈಟ್ ಮಾಡುವ ಕೆಲಸಗಳನ್ನು ಬೇರೆ ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ಸೈಟ್ ಏನೇನು ಮಾಡುತ್ತದೆ ಅಂತ ಬರೆಯಿರಿ. ಕ್ಯಾಟಲಾಗ್, ಎನ್‌ಕ್ವೈರಿ ಫಾರ್ಮ್, ಡೀಲರ್ ಲಾಗಿನ್, ಡ್ರಾಯಿಂಗ್‌ಗಳ ಡೌನ್‌ಲೋಡ್, ಆನ್‌ಲೈನ್ ಪೇಮೆಂಟ್, ಕೆಲಸಕ್ಕೆ ಅರ್ಜಿ ಹೀಗೆ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಯಾರು ಬಳಸುತ್ತಾರೆ, ಯಾವ ಹೊತ್ತಿನಲ್ಲಿ, ಅದರ ಮಾಹಿತಿ ಎಲ್ಲಿಂದ ಬರುತ್ತದೆ.

ಹೀಗೆ ಬರೆದಾಗಲೇ ಅರ್ಧ ಗೊಂದಲ ಕಳೆಯುತ್ತದೆ. "ನಮ್ಮ ಇಆರ್‌ಪಿ ಆಫೀಸಿನಲ್ಲಿದೆ, ಅದಕ್ಕೇ ವೆಬ್‌ಸೈಟೂ ಆಫೀಸಿನಲ್ಲಿರಬೇಕು" ಅನ್ನುವುದು ನಾನು ಜಾಸ್ತಿ ಕೇಳಿರುವ ವಾದ. ಇಆರ್‌ಪಿ ಅಂದರೆ ಸ್ಟಾಕ್, ಆರ್ಡರ್, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್. ಡೀಲರ್‌ಗೆ ಬೇಕಾದದ್ದು ಇಆರ್‌ಪಿ ಅಲ್ಲ, ಯಾವ ವಾಲ್ವ್ ಎಷ್ಟು ಸ್ಟಾಕ್ ಇದೆ ಅನ್ನುವ ಒಂದು ಪಟ್ಟಿ. ಆ ಪಟ್ಟಿಯನ್ನು ಆಫೀಸಿನ ಯಂತ್ರವೇ ಹದಿನೈದು ನಿಮಿಷಕ್ಕೊಮ್ಮೆ ಹೊರಗಿನ ವೆಬ್‌ಸೈಟಿಗೆ ಕಳಿಸಬಹುದು. ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಇಲ್ಲಿ ಒಂದು ನಿಯಮ ಪಾಲಿಸಿ. ಸಂಪರ್ಕ ಯಾವಾಗಲೂ ಒಳಗಿನಿಂದ ಹೊರಗೆ ಹೋಗಬೇಕು. ಹೊರಗಿನ ಸೈಟ್ ಆಫೀಸಿನೊಳಗೆ ಬಂದು ಡೇಟಾಬೇಸ್ ಕೇಳುವ ಹಾಗಿರಬಾರದು. ಈ ನಿಯಮ ಪಾಲಿಸಿದರೆ ಆಫೀಸಿನ ಫೈರ್‌ವಾಲ್‌ನಲ್ಲಿ (ಹೊರಗಿನಿಂದ ಬರುವವರನ್ನು ತಡೆಯುವ ಕಾವಲಿನಲ್ಲಿ) ಒಂದು ಪೋರ್ಟೂ, ಅಂದರೆ ಒಂದು ಬಾಗಿಲೂ, ತೆರೆಯಬೇಕಿಲ್ಲ.

ಮಾಲೀಕರ ಆ ಮೊದಲ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಟ್ಯಾಲಿ ಓಡುವ ಯಂತ್ರದಲ್ಲೇ ವೆಬ್‌ಸೈಟ್ ಹಾಕಬೇಡಿ. ಆಫೀಸಿನಲ್ಲೇ ಇಡುವುದು ಅಂತ ಕೊನೆಗೆ ತೀರ್ಮಾನಿಸಿದರೂ ಬೇಡ. ಸೈಟಿಗೆ ಸೇರಿಸಿದ ಒಂದು ಹಳೆಯ ಪ್ಲಗಿನ್‌ನ (ಬಿಡಿ ಸಾಫ್ಟ್‌ವೇರ್‌ನ) ತೂತಿನಿಂದ ಒಳಬಂದವನಿಗೆ ಕಂಪನಿಯ ಲೆಕ್ಕಪತ್ರ ಪಕ್ಕದ ಫೋಲ್ಡರ್‌ನಲ್ಲೇ ಸಿಗುವಂತಾದರೆ ಗತಿಯೇನು?

ಹಂತ 2: ಸೈಟ್ ನಿಂತರೆ ಏನು ನಷ್ಟ ಅಂತ ಕೇಳಿ

ಕ್ಯಾಟಲಾಗ್ ಮಾತ್ರ ಇರುವ ಸೈಟ್ ಭಾನುವಾರ ನಾಲ್ಕು ಗಂಟೆ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಡೀಲರ್‌ಗಳು ಆರ್ಡರ್ ಹಾಕುವ ಸೈಟ್ ತಿಂಗಳ ಕೊನೆಯ ದಿನ ನಿಂತರೆ ಫೋನ್ ಹೊಡೆದುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಎರಡು ಸಂಖ್ಯೆ ಗೊತ್ತುಮಾಡಿಕೊಳ್ಳಿ. ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು? ಎಲ್ಲ ಹಾಳಾಗಿ ಬ್ಯಾಕಪ್‌ನಿಂದ ತರಬೇಕಾದರೆ ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ಪರವಾಗಿಲ್ಲ? ಇವುಗಳಿಗೆ ಆರ್‌ಟಿಒ, ಆರ್‌ಪಿಒ ಅಂತ ಹೆಸರಿದೆ. ಕೊಟೇಶನ್‌ನಲ್ಲಿ ಆರ್‌ಟಿಒ ಅಂತ ಕಂಡರೆ ಡ್ರೈವಿಂಗ್ ಲೈಸೆನ್ಸ್ ಆಫೀಸು ಅಂತ ಗಾಬರಿಯಾಗಬೇಡಿ.

ಹೋಸ್ಟಿಂಗ್ ಕಂಪನಿಗಳು ಹೇಳುವ ಶೇಕಡಾವಾರು ಅಂಕಿಗಳನ್ನು ಗಂಟೆಗೆ ಇಳಿಸಿ ನೋಡುವುದು ಒಳ್ಳೆಯದು. ಶೇ. 99 ಅಂದರೆ ವರ್ಷಕ್ಕೆ ಸುಮಾರು 3 ದಿನ 15 ಗಂಟೆ ಸೈಟ್ ಇಲ್ಲ. ಶೇ. 99.9 ಅಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ. ಶೇ. 99.99 ಅಂದರೆ 52 ನಿಮಿಷ. ಉದ್ಯಮಬಾಗದ ನಮ್ಮ ಕಂಪನಿಗೆ 99.9 ಧಾರಾಳವಾಗಿ ಸಾಕು. ಅದಕ್ಕಿಂತ ಮುಂದಿನ ಪ್ರತಿ 9ಕ್ಕೂ ದುಡ್ಡು ಬೇಕು, ಆ ದುಡ್ಡಿಗೆ ತಕ್ಕ ವ್ಯಾಪಾರ ಸೈಟಿನಿಂದ ಬರುತ್ತಿರಬೇಕು.

ಹಂತ 3: ನಿಮ್ಮ ಆಫೀಸನ್ನೇ ಒಂದು ತಿಂಗಳು ಪರೀಕ್ಷೆ ಮಾಡಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸರ್ವರ್ ಖರೀದಿಸುವ ಮೊದಲು ಅದು ಇರಬೇಕಾದ ಜಾಗದಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಹಗಲು ರಾತ್ರಿ ಚಾಲೂ ಬಿಡಿ. ಹೊರಗಿನಿಂದ ಅದು ಸಿಗುತ್ತಿದೆಯಾ ಅಂತ ಐದು ನಿಮಿಷಕ್ಕೊಮ್ಮೆ ನೋಡುವ ಉಚಿತ ಮಾನಿಟರಿಂಗ್ ಸೇವೆಗಳಿವೆ, ಅದಕ್ಕೆ ಜೋಡಿಸಿ. ತಿಂಗಳಾದ ಮೇಲೆ ವರದಿ ನೋಡಿ. ಹೊರಗಿನಿಂದ ಸಿಗುವುದೇ ಇಲ್ಲ ಅಂತಾದರೆ ಅದಕ್ಕೂ ಕಾರಣ ಇದೆ, ಇಂಟರ್ನೆಟ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮೊದಲು ಕರೆಂಟು. "ನಾಳೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ" ಅನ್ನುವ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿಯೇ ಇರುತ್ತೀರಿ. ಆ ಏಳು ಗಂಟೆಗೆ ನಿಮ್ಮ ಯುಪಿಎಸ್ ಸಾಲದು, ಜನರೇಟರ್ ಬೇಕು. ಜನರೇಟರ್ ಇದೆ ಅನ್ನುತ್ತೀರಾ? ಭಾನುವಾರ ಅದನ್ನು ಚಾಲೂ ಮಾಡುವವರು ಯಾರು? ಕಾರ್ಖಾನೆಗೆ ರಜೆ ಅಂದರೆ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಅಭ್ಯಾಸ ಇರುವ ಕಂಪನಿಗಳು ಎಷ್ಟೋ. ಆಯುಧ ಪೂಜೆಯ ದಿನವಂತೂ ಸರ್ವರನ್ನೂ ಆರಿಸಿ, ಒರೆಸಿ, ಕುಂಕುಮ ಹಚ್ಚುತ್ತಾರೆ. ಪೂಜೆ ಆಗಲಿ, ಬೇಡ ಅನ್ನುತ್ತಿಲ್ಲ. ಜರ್ಮನಿಯ ಗಿರಾಕಿಗೆ ಅವತ್ತು ಕೆಲಸದ ದಿನ, ಅಷ್ಟೇ.

ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಸೋಲುತ್ತದೆ. ಸೋತದ್ದು ಗೊತ್ತಾಗುವುದು ಕರೆಂಟು ಹೋದಾಗಲೇ. ಅರ್ಥಿಂಗ್ ಸರಿ ಇಲ್ಲದಿದ್ದರೆ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಒಂದು ಮಿಂಚಿಗೆ ಸ್ವಿಚ್ಚು, ರೂಟರ್, ಸರ್ವರ್‌ನ ನೆಟ್‌ವರ್ಕ್ ಕಾರ್ಡು ಎಲ್ಲ ಒಟ್ಟಿಗೆ ಹೋಗುತ್ತವೆ. ಮಲೆನಾಡು ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಆಮೇಲೆ ಇಂಟರ್ನೆಟ್. ಜಾಹೀರಾತಿನಲ್ಲಿ ಹೇಳುವ ವೇಗ ಸಾಮಾನ್ಯವಾಗಿ ಡೌನ್‌ಲೋಡ್‌ನದು. ವೆಬ್‌ಸೈಟ್ ಇಡಲು ಮುಖ್ಯವಾದದ್ದು ಅಪ್‌ಲೋಡ್. ನಿಮ್ಮ ಸೈಟ್ ನೋಡುವವರಿಗೆ ಪುಟ ಹೋಗುವುದು ಆ ದಾರಿಯಿಂದ. ಇನ್ನೊಂದು ಪರೀಕ್ಷೆ ಮಾಡಿ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಹೊರಗಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಲೈನನ್ನು ಗುರುತಿಸುವ ಸಂಖ್ಯೆ) ಏನಿದೆ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ, ಅಥವಾ 10 ಅಂತ ಶುರುವಾಗುತ್ತಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರ ಜೊತೆ ಹಂಚಿಕೊಂಡಿದ್ದೀರಿ ಅಂತ ಅರ್ಥ. ಹೊರಗಿನವರು ನೇರವಾಗಿ ನಿಮ್ಮ ಯಂತ್ರಕ್ಕೆ ಬರಲು ಆಗುವುದಿಲ್ಲ. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ ಪಡೆಯಬೇಕು, ಬಿಸಿನೆಸ್ ಪ್ಲಾನ್ ಅಥವಾ ಲೀಸ್ಡ್ ಲೈನ್ (ನಿಮ್ಮ ಕಂಪನಿಗೇ ಮೀಸಲಾದ ಲೈನ್) ತೆಗೆದುಕೊಳ್ಳಬೇಕು.

ಲೈನ್ ಕಡಿದುಹೋದರೆ? ಅದಕ್ಕೆ ಇನ್ನೊಂದು ಕಂಪನಿಯ ಲೈನ್ ಇಟ್ಟುಕೊಳ್ಳುತ್ತಾರೆ. ಆದರೆ ಎರಡೂ ಕೇಬಲ್ ಒಂದೇ ಕಂಬದ ಮೇಲೆ, ಇಲ್ಲವೇ ಒಂದೇ ಚರಂಡಿಯ ಪಕ್ಕದಲ್ಲಿ ಬಂದಿರುತ್ತವೆ. ರಸ್ತೆ ಅಗೆಯಲು ಬಂದ ಜೆಸಿಬಿ ಕಂಪನಿ ನೋಡಿ ಕಡಿಯುವುದಿಲ್ಲ, ಎರಡೂ ಒಟ್ಟಿಗೆ ಹೋಗುತ್ತವೆ. ಜೊತೆಗೆ, ಎರಡನೇ ಲೈನಿನ ಐಪಿ ವಿಳಾಸ ಬೇರೆ. ಲೈನ್ ಬದಲಾದಾಗ ಡಿಎನ್‌ಎಸ್ (ಸೈಟಿನ ಹೆಸರಿಗೆ ಯಾವ ಐಪಿ ವಿಳಾಸ ಅಂತ ಹೇಳುವ ದಾಖಲೆ) ಕೂಡ ತಾನಾಗಿ ಬದಲಾಗುವ ವ್ಯವಸ್ಥೆ ಬೇಕು. ಅದಿಲ್ಲದಿದ್ದರೆ ಒಳಗಿರುವವರಿಗೆ ಇಂಟರ್ನೆಟ್ ಬರುತ್ತಿರುತ್ತದೆ, ಹೊರಗಿನವರಿಗೆ ಸೈಟ್ ಸಿಗುವುದಿಲ್ಲ.

ತಿಂಗಳ ಕೊನೆಗೆ ವರದಿಯಲ್ಲಿ ಶೇ. 99ಕ್ಕಿಂತ ಕಡಿಮೆ ಬಂದರೆ, ಮುಂದಿನ ಲೆಕ್ಕವೇ ಬೇಡ. ಆಫೀಸಿನ ಆಯ್ಕೆಯನ್ನು ಹೊಡೆದುಹಾಕಿ.

ಹಂತ 4: ಯಾರು ನೋಡಿಕೊಳ್ಳುತ್ತಾರೆ?

ವಾರಕ್ಕೆ 168 ಗಂಟೆ. ನಿಮ್ಮ ಐಟಿ ಹುಡುಗ ಆಫೀಸಿನಲ್ಲಿರುವುದು 48 ಗಂಟೆ. ಆ 48ರಲ್ಲೂ ಪ್ರಿಂಟರ್ ಕಾರ್ಟ್ರಿಡ್ಜು, ಸಿಸಿಟಿವಿ, ಬಯೋಮೆಟ್ರಿಕ್ ಎಲ್ಲ ಅವನ ತಲೆಗೇ.

2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಬಯಲಾಯಿತು. ಜಗತ್ತಿಗೆಲ್ಲ ಸುದ್ದಿ ಹಬ್ಬಿದ್ದು 10ನೇ ತಾರೀಖು, ಶುಕ್ರವಾರ. ಶನಿವಾರ ಭಾನುವಾರ ಕಳೆದು ಸೋಮವಾರ ನೋಡೋಣ ಅನ್ನುವ ಹಾಗಿರಲಿಲ್ಲ, ದಾಳಿಗಳು ಆಗಲೇ ಶುರುವಾಗಿದ್ದವು. ಇಂಥ ವಾರಾಂತ್ಯದಲ್ಲಿ ನಿಮ್ಮ ಕಂಪನಿಯಲ್ಲಿ ಎದ್ದು ಕೂರುವವರು ಯಾರು? ಹೆಸರು ಹೇಳಲು ಆಗಬೇಕು. ಅವರು ಊರಿನ ಜಾತ್ರೆಗೆ ಹೋಗಿದ್ದರೆ ಬದಲಿ ಯಾರು? ಆ ಹೆಸರೂ ಬೇಕು. ಎರಡು ಹೆಸರು ಬರೆಯಲು ಆಗದಿದ್ದರೆ ಆಫೀಸಿನ ಸರ್ವರೂ ಬೇಡ, ನೀವೇ ನೋಡಿಕೊಳ್ಳುವ ವಿಪಿಎಸ್ಸೂ ಬೇಡ. ಮ್ಯಾನೇಜ್ಡ್ ಹೋಸ್ಟಿಂಗ್‌ಗೆ ಹೋಗಿ.

ಸಣ್ಣ ಕೆಲಸಗಳೂ ಜಾಸ್ತಿಯಾಗುತ್ತಿವೆ. ಸೈಟಿಗೆ ಬೀಗದ ಗುರುತು ತರುವ ಟಿಎಲ್‌ಎಸ್ ಸರ್ಟಿಫಿಕೇಟನ್ನು ಮುಂಚೆ ವರ್ಷಕ್ಕೊಮ್ಮೆ ಕೊಂಡು ಹಾಕಿದರೆ ಆಗುತ್ತಿತ್ತು. ಅದರ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100 ದಿನ, 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಸಲು ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ಕಂಪನಿಗಳು ಸೇರಿ ತೀರ್ಮಾನಿಸಿವೆ. ಕೈಯಿಂದ ಹಾಕುವ ಕಾಲ ಮುಗಿಯಿತು, ತಾನಾಗಿ ರಿನ್ಯೂ ಆಗುವಂತೆ ಮಾಡಿಕೊಳ್ಳಲೇಬೇಕು. ಒಳ್ಳೆಯ ಹೋಸ್ಟಿಂಗ್‌ನಲ್ಲಿ ಇದು ಸುಮ್ನೆ ಆಗಿಹೋಗುತ್ತದೆ.

ಹಂತ 5: ಐದು ವರ್ಷದ ಲೆಕ್ಕ

ತಿಂಗಳ ಬಾಡಿಗೆಯನ್ನು ಸರ್ವರ್‌ನ ಬೆಲೆಯ ಜೊತೆ ಹೋಲಿಸಬೇಡಿ. ಐದು ವರ್ಷದ ಒಟ್ಟು ಖರ್ಚನ್ನು ಹೋಲಿಸಿ. ಕೆಳಗಿನ ಅಂಕಿಗಳು ಲೆಕ್ಕದ ಬಗೆ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮೂರಿನ ಕೊಟೇಶನ್ ತಂದು ಬದಲಾಯಿಸಿಕೊಳ್ಳಿ.

ಆಫೀಸಿನಲ್ಲಿ ಇಟ್ಟರೆ: ಸರ್ವರ್ 2,00,000. ಯುಪಿಎಸ್, ಜೊತೆಗೆ ಒಂದು ಸಲ ಬ್ಯಾಟರಿ ಬದಲು 85,000. ಫೈರ್‌ವಾಲ್ ಮತ್ತು ಅದರ ವಾರ್ಷಿಕ ಚಂದಾ 1,30,000. ಎಸಿ 45,000. ಕರೆಂಟಿಗೆ ಹೀಗೆ ಲೆಕ್ಕ ಹಾಕಿ: 200 ವ್ಯಾಟ್ ಎಳೆಯುವ ಸರ್ವರ್ ದಿನಕ್ಕೆ 4.8 ಯೂನಿಟ್ ತಿನ್ನುತ್ತದೆ. ತಂಪು ಮಾಡಲು, ಯುಪಿಎಸ್‌ನಲ್ಲಿ ಸೋರಲು ಅದರ ಅರ್ಧ ಸೇರಿಸಿದರೆ 7.2. ವರ್ಷಕ್ಕೆ 2,628 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂದರೆ ಐದು ವರ್ಷಕ್ಕೆ ಸುಮಾರು 1,05,000. ಸ್ಟ್ಯಾಟಿಕ್ ಐಪಿ ಇರುವ ಹೆಚ್ಚುವರಿ ಲೈನಿಗೆ ತಿಂಗಳಿಗೆ 6,000ದಂತೆ 3,60,000. 40,000 ಸಂಬಳದ ಒಬ್ಬರ ಕಾಲುಭಾಗ ಸಮಯ, ಅಂದರೆ ತಿಂಗಳಿಗೆ 10,000ದಂತೆ 6,00,000. ಒಟ್ಟು 15,25,000 ರೂಪಾಯಿ.

ಹೊರಗೆ ಕೊಟ್ಟರೆ: ವಿಪಿಎಸ್ ಮತ್ತು ಬ್ಯಾಕಪ್‌ಗೆ ತಿಂಗಳಿಗೆ 4,000, ಅದನ್ನು ನೋಡಿಕೊಳ್ಳುವ ಏಜೆನ್ಸಿಯ ಎಎಂಸಿಗೆ (ವಾರ್ಷಿಕ ನಿರ್ವಹಣೆಯ ಕರಾರಿಗೆ) 8,000, ನಿಮ್ಮವರ ಸಮಯಕ್ಕೆ 2,000. ಐದು ವರ್ಷಕ್ಕೆ 8,40,000. ಸೈಟ್ ಸ್ಥಳಾಂತರಕ್ಕೆ ಒಂದು ಸಲದ 40,000 ಸೇರಿಸಿ 8,80,000.

ಒಟ್ಟು ಮೊತ್ತಕ್ಕಿಂತ ಮೊದಲ ಪಟ್ಟಿಯ ಒಳಗನ್ನು ನೋಡಿ. ಹದಿನೈದು ಲಕ್ಷದಲ್ಲಿ ಸರ್ವರ್‌ನ ಪಾಲು ಎರಡೇ ಲಕ್ಷ. ಮಾಲೀಕರ ಟೇಬಲ್ ಮೇಲೆ ಬರುವ ಕೊಟೇಶನ್‌ನಲ್ಲಿ ಇರುವುದು ಆ ಎರಡು ಲಕ್ಷ ಮಾತ್ರ. ಉಳಿದದ್ದು ಕರೆಂಟ್ ಬಿಲ್ಲಿನಲ್ಲಿ, ಸಂಬಳದಲ್ಲಿ, ಇಂಟರ್ನೆಟ್ ಬಿಲ್ಲಿನಲ್ಲಿ ಹಂಚಿಹೋಗಿರುತ್ತದೆ, ಯಾರೂ ಕೂಡಿಸುವುದಿಲ್ಲ.

ತೆರಿಗೆಯ ಒಂದು ಮಾತು. ಹೋಸ್ಟಿಂಗ್ ಮೇಲೆ ಶೇ. 18 ಜಿಎಸ್‌ಟಿ ಇದೆ. ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ತೆಗೆದುಕೊಂಡರೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ನಿಮ್ಮ ಸ್ವಂತ ಕಾರ್ಡಿನಿಂದ ಕಟ್ಟಿ ಬಿಲ್ ನಿಮ್ಮ ಹೆಸರಿಗೇ ಬಂದರೆ ಅದು ಹೋಯಿತು. ವಿದೇಶಿ ಕಂಪನಿಯಿಂದ ನೇರವಾಗಿ ಕೊಂಡರೆ ರಿವರ್ಸ್ ಚಾರ್ಜ್ (ಮಾರುವವರ ಬದಲು ನೀವೇ ತೆರಿಗೆ ಕಟ್ಟುವುದು) ವಿಷಯ ಬರುತ್ತದೆ, ನಿಮ್ಮ ಸಿಎ ಅವರನ್ನು ಮೊದಲೇ ಕೇಳಿ.

ಹಾಗಾದರೆ ಸ್ವಂತ ಯಂತ್ರ ಯಾರಿಗೂ ಲಾಭವೇ ಇಲ್ಲವಾ? ಇದೆ. ಬೇಸ್‌ಕ್ಯಾಂಪ್ ಅನ್ನುವ ಸಾಫ್ಟ್‌ವೇರ್ ತಯಾರಿಸುವ ಅಮೆರಿಕದ 37ಸಿಗ್ನಲ್ಸ್ ಕಂಪನಿ 2022ರಲ್ಲಿ ಕ್ಲೌಡ್‌ಗೆ 32 ಲಕ್ಷ ಡಾಲರ್ ಕಟ್ಟಿತ್ತು. ಆಮೇಲೆ ಆರೇಳು ಲಕ್ಷ ಡಾಲರ್ ಕೊಟ್ಟು ಸ್ವಂತ ಸರ್ವರ್ ಕೊಂಡು 2023ರಲ್ಲಿ ಅದರ ಮೇಲೆ ಬಂದಿತು, ಖರ್ಚು ಗಣನೀಯವಾಗಿ ಇಳಿಯಿತು. ಈ ಕಥೆಯನ್ನು ನಮ್ಮಲ್ಲಿ ಆಗಾಗ ಉದಾಹರಣೆಗೆ ಕೊಡುತ್ತಾರೆ, ಎರಡು ವಿಷಯ ಬಿಟ್ಟು. ಆ ಯಂತ್ರಗಳನ್ನು ಅವರು ಆಫೀಸಿನಲ್ಲಿ ಇಡಲಿಲ್ಲ, ಬಾಡಿಗೆಯ ಡೇಟಾ ಸೆಂಟರ್‌ನಲ್ಲಿ ಇಟ್ಟರು. ಅದನ್ನು ನಡೆಸಬಲ್ಲ ನುರಿತ ತಂಡ ಅವರಲ್ಲಿ ಮೊದಲೇ ಇತ್ತು. ಹಗಲು ರಾತ್ರಿ ಒಂದೇ ಸಮನೆ ಭಾರಿ ಕೆಲಸ ಇದ್ದು, ತಂಡವೂ ಇದ್ದರೆ ಸ್ವಂತ ಯಂತ್ರ, ಕೋಲೊಕೇಶನ್ ಒಳ್ಳೆಯ ಜೋಡಿ. ದಿನಕ್ಕೆ ಇನ್ನೂರು ಜನ ನೋಡುವ ಕ್ಯಾಟಲಾಗಿಗೆ ಅಲ್ಲ.

ಹಂತ 6: ಕಾನೂನು ಏನು ಕೇಳುತ್ತದೆ

"ಹೊರಗೆ ಕೊಟ್ಟರೆ ಜವಾಬ್ದಾರಿ ಅವರದು" ಅನ್ನುವುದು ತಪ್ಪು ತಿಳಿವಳಿಕೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಎನ್‌ಕ್ವೈರಿ ಫಾರ್ಮ್‌ನಲ್ಲಿ ಜನರ ಹೆಸರು, ಫೋನ್ ನಂಬರ್ ಪಡೆಯುವವರು ನೀವು. ಹೋಸ್ಟಿಂಗ್ ಕಂಪನಿ ನಿಮ್ಮ ಪರವಾಗಿ ಕೆಲಸ ಮಾಡುವವರು. ಡೇಟಾ ಸೋರಿದರೆ ಉತ್ತರ ಕೊಡಬೇಕಾದವರು ನೀವೇ. ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು ಅಂತ ಕಾಯ್ದೆಯಲ್ಲಿದೆ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ ಇನ್ನೊಂದು. ಅದರಲ್ಲಿ ಹೇಳಿರುವ ಬಗೆಯ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು (ಯಾರು ಯಾವಾಗ ಬಂದರು, ಏನು ಮಾಡಿದರು ಅನ್ನುವ ಸರ್ವರ್‌ನ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಲಾಗ್ ಎಷ್ಟು ದಿನ ಉಳಿಯುತ್ತದೆ ಅಂತ ಕೇಳಿ ನೋಡಿ. ಬೇಗ ಅಳಿಸಿಹೋಗುವುದಾದರೆ ನೀವೇ ದಿನವೂ ಇಳಿಸಿಕೊಳ್ಳುವ ಏರ್ಪಾಡು ಮಾಡಬೇಕು.

ಸಹಕಾರಿ ಬ್ಯಾಂಕ್, ಫೈನಾನ್ಸ್ ಕಂಪನಿಗಳದು ಬೇರೆಯೇ ಲೋಕ. ಐಟಿ ಕೆಲಸ ಹೊರಗೆ ಕೊಡುವುದರ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಿವೆ. ಅವರು ಈ ಲೇಖನ ಓದಿ ತೀರ್ಮಾನಿಸುವುದು ಬೇಡ.

ಹಂತ 7: ಹೋಸ್ಟಿಂಗ್ ಕಂಪನಿಗೆ ಕೇಳಬೇಕಾದ್ದು

ಇಲ್ಲಿಯವರೆಗಿನ ಲೆಕ್ಕ "ಹೊರಗೆ" ಅಂತ ಬಂದಿದ್ದರೆ, ಯಾರಿಗೆ ಕೊಡುವುದು ಅನ್ನುವುದು ಮುಂದಿನ ಮಾತು.

ಬ್ಯಾಕಪ್ ಎಲ್ಲಿರುತ್ತದೆ ಅನ್ನುವುದು ಮೊದಲ ಪ್ರಶ್ನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಹೆಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಅದೇ ಆವರಣದಲ್ಲಿದ್ದ ಕೆಲವು ಗ್ರಾಹಕರ ಡೇಟಾ ಮರಳಿ ಬರಲೇ ಇಲ್ಲ. ಅದು ಯುರೋಪಿನ ದೊಡ್ಡ ಕಂಪನಿಗಳಲ್ಲಿ ಒಂದು. ಹಾಗಾಗಿ "ದಿನಾ ಬ್ಯಾಕಪ್ ತೆಗೀತೀವಿ ಸರ್" ಅನ್ನುವ ಉತ್ತರ ಸಾಲದು. ಬೇರೆ ಊರಿನಲ್ಲಿ ಇಡುತ್ತೀರಾ, ಎಷ್ಟು ದಿನದ್ದು ಇರುತ್ತದೆ, ನಾನೇ ಇಳಿಸಿಕೊಳ್ಳಬಹುದಾ ಅಂತ ಕೇಳಿ.

ಸರ್ವರ್ ಯಾವ ಊರಿನಲ್ಲಿದೆ? ಗಿರಾಕಿಗಳು ಹೆಚ್ಚಾಗಿ ಭಾರತದವರೇ ಆದರೆ ಅಮೆರಿಕದಲ್ಲಿ ಇಡುವ ಕಾರಣವೇ ಇಲ್ಲ. ಅಮೆಜಾನ್‌ನ ಕ್ಲೌಡ್ 2016ರಿಂದ ಮುಂಬೈನಲ್ಲಿ, 2022ರಿಂದ ಹೈದರಾಬಾದಿನಲ್ಲಿ ಇದೆ. ಡಿಜಿಟಲ್ ಓಷನ್ ಬೆಂಗಳೂರಿನಲ್ಲೇ ಇದೆ. ವಿದೇಶಿ ಗಿರಾಕಿಗಳೂ ಇದ್ದರೆ ಸೈಟಿನ ಮುಂದೆ ಒಂದು ಸಿಡಿಎನ್ (ಪುಟಗಳ ಪ್ರತಿಯನ್ನು ಬೇರೆ ಬೇರೆ ದೇಶಗಳಲ್ಲಿ ಇಟ್ಟು ಹತ್ತಿರದಿಂದ ಕೊಡುವ ಸೇವೆ) ಹಾಕಿದರಾಯಿತು.

ಎಸ್‌ಎಲ್‌ಎ, ಅಂದರೆ ಇಷ್ಟು ಹೊತ್ತು ಸೈಟ್ ನಡೆಸಿಕೊಡುತ್ತೇವೆ ಅನ್ನುವ ಕರಾರು, ತಪ್ಪಿದರೆ ಏನು ಪರಿಹಾರ? ಹೆಚ್ಚಿನ ಕರಾರುಗಳಲ್ಲಿ, ಸೈಟ್ ನಿಂತರೆ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಕಡಿತ, ಅಷ್ಟೇ. ನಿಮ್ಮ ವ್ಯಾಪಾರದ ನಷ್ಟ ಅವರು ತುಂಬಿಕೊಡುವುದಿಲ್ಲ. ಶೇ. 99.99 ಅಂತ ದೊಡ್ಡದಾಗಿ ಬರೆದಿದ್ದಾರೆ ಅಂತ ಜಾಸ್ತಿ ದುಡ್ಡು ಕೊಡುವ ಮೊದಲು ಆ ಪುಟವನ್ನು ಓದಿ.

ಮೊದಲ ವರ್ಷದ ಬೆಲೆ ಅಲ್ಲ, ರಿನ್ಯೂವಲ್ ಬೆಲೆ ಕೇಳಿ. "ಅನ್‌ಲಿಮಿಟೆಡ್" ಅನ್ನುವುದನ್ನು ನಂಬಬೇಡಿ, ಕಡತಗಳ ಸಂಖ್ಯೆಗೆ, ಪ್ರೊಸೆಸರ್ ಬಳಕೆಗೆ ಮಿತಿ ಇದ್ದೇ ಇರುತ್ತದೆ. ಸಪೋರ್ಟ್ ಹೇಗಿದೆ ಅಂತ ತಿಳಿಯಲು ಒಂದು ಸುಲಭ ಉಪಾಯ: ಕೊಳ್ಳುವ ಮುಂಚೆ ಶನಿವಾರ ರಾತ್ರಿ ಹತ್ತಕ್ಕೆ ಒಂದು ತಾಂತ್ರಿಕ ಪ್ರಶ್ನೆ ಕಳಿಸಿ. ಎಷ್ಟು ಹೊತ್ತಿಗೆ, ಎಂಥ ಉತ್ತರ ಬರುತ್ತದೆ ನೋಡಿ. ಸೇಲ್ಸ್‌ನವರು ಉತ್ತರಿಸಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಂತ 8: ಬೀಗದ ಕೈಗಳನ್ನು ಒಳಗಿಡಿ

ಒಂದು ವೇಳೆ ಉಳಿದೆಲ್ಲ ಹಂತಗಳಲ್ಲಿ ಎಡವಿದರೂ ಇಲ್ಲಿ ಎಡವಬೇಡಿ. ನಾನು ನೋಡಿದ ಒಂದು ಕಂಪನಿಯ ಡೊಮೇನ್, ಹತ್ತು ವರ್ಷದ ಹಿಂದೆ ಸೈಟ್ ಮಾಡಿಕೊಟ್ಟ ಹುಡುಗನ ಸ್ವಂತ ಹೆಸರಿನಲ್ಲಿತ್ತು. ಅವನೇನೂ ಕೆಟ್ಟವನಲ್ಲ, ಕೆಲಸ ಸಿಕ್ಕಿ ದುಬೈಗೆ ಹೋಗಿದ್ದ. ರಿನ್ಯೂವಲ್ ನೋಟಿಸ್ ಅವನ ಹಳೆಯ ಇಮೇಲಿಗೆ ಹೋಗುತ್ತಿತ್ತು. ಕೊನೆಗೆ ಅವನ ಅಣ್ಣನ ಮೂಲಕ ಅವನನ್ನು ಹಿಡಿಯಬೇಕಾಯಿತು.

ಡೊಮೇನ್ ಕಂಪನಿಯ ಹೆಸರಿನಲ್ಲಿ, ಕಂಪನಿಯ ಖಾತೆಯಲ್ಲಿ ಇರಲಿ. ಆ ಖಾತೆಗೆ ಕೊಡುವ ಇಮೇಲ್ ಮಾತ್ರ ಅದೇ ಡೊಮೇನಿನದು ಆಗಬಾರದು. ಡೊಮೇನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದಕ್ಕೇ ಜಾಗ ಇರುವುದಿಲ್ಲ. ಬೇರೆ ಒಂದು ಇಮೇಲ್ ಇಡಿ, ಅದರ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಒಟಿಪಿ ಬರುವ ಸಿಮ್ ಕಂಪನಿಯದಾಗಿರಲಿ. ಡೊಮೇನನ್ನು ಒಮ್ಮೆಗೇ ಐದು ವರ್ಷಕ್ಕೆ ರಿನ್ಯೂ ಮಾಡಿಬಿಡಿ.

ಡೊಮೇನ್, ಹೋಸ್ಟಿಂಗ್, ಇಮೇಲ್ ಮೂರನ್ನೂ ಒಂದೇ ಕಡೆ ಕೊಳ್ಳುವುದು ಸುಲಭ ಅನಿಸುತ್ತದೆ. ಜಗಳವಾದ ದಿನ ಮೂರೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಕನಿಷ್ಠ ಡೊಮೇನ್ ಬೇರೆ ಕಡೆ ಇರಲಿ. ಇಮೇಲನ್ನು ವೆಬ್‌ಸೈಟ್‌ನ ಸರ್ವರ್‌ನಲ್ಲಿ ಇಡಲೇಬೇಡಿ. ಸೈಟ್ ಹ್ಯಾಕ್ ಆಗಿ ಅಲ್ಲಿಂದ ಸ್ಪ್ಯಾಮ್ ಹೊರಟರೆ ನಿಮ್ಮ ಕೊಟೇಶನ್‌ಗಳೂ ಗಿರಾಕಿಯ ಸ್ಪ್ಯಾಮ್ ಡಬ್ಬಕ್ಕೆ ಹೋಗುತ್ತವೆ. ಹೋಸ್ಟಿಂಗ್‌ನ ಮುಖ್ಯ ಖಾತೆ ಕಂಪನಿಯದಾಗಿರಲಿ, ಏಜೆನ್ಸಿಗೆ ಅದರ ಕೆಳಗೆ ಬೇರೆ ಲಾಗಿನ್ ಕೊಡಿ, ಬಿಟ್ಟುಹೋದಾಗ ತೆಗೆಯಲು ಸುಲಭ.

ಕೊನೆಯ ಬೀಗದ ಕೈ ಬ್ಯಾಕಪ್. ಆಫೀಸಿನ ಸರ್ವರ್‌ಗೆ ಸರಿಯಾದ ಕೆಲಸ ಇದೇ. ಹೊರಗಿನ ಸೈಟಿನ ಕಡತಗಳನ್ನು, ಡೇಟಾಬೇಸನ್ನು ಅದು ರಾತ್ರಿ ಎಳೆದುಕೊಂಡು ಇಟ್ಟುಕೊಳ್ಳಲಿ. ಕರೆಂಟು ಹೋದರೆ ಬೆಳಗ್ಗೆ ಎಳೆದುಕೊಳ್ಳುತ್ತದೆ, ಯಾರಿಗೂ ತೊಂದರೆಯಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಸೈಟನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ ನೋಡಬೇಕು. 2017ರ ಜನವರಿ ಕೊನೆಯಲ್ಲಿ ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯ ಒಬ್ಬ ಇಂಜಿನಿಯರ್ ತಪ್ಪು ಯಂತ್ರದ ಡೇಟಾಬೇಸ್ ಅಳಿಸಿದಾಗ, ಇಟ್ಟುಕೊಂಡಿದ್ದ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಿತು. ಅದೃಷ್ಟಕ್ಕೆ ಬೇರೆ ಕೆಲಸಕ್ಕೆ ತೆಗೆದಿಟ್ಟ ಒಂದು ಪ್ರತಿ ಇತ್ತು, ಆರು ಗಂಟೆಯಷ್ಟು ಡೇಟಾ ಮಾತ್ರ ಹೋಯಿತು. ಅವರದು ಅದೇ ಕಸುಬು. ನಮ್ಮ ನಿಮ್ಮ ಪಾಡು ಹೇಗಿರಬಹುದು ಯೋಚಿಸಿ.

ಹಂತ 9: ಸ್ಥಳಾಂತರದ ದಿನ

ಎರಡು ದಿನ ಮೊದಲು ಡಿಎನ್‌ಎಸ್‌ನಲ್ಲಿ ಟಿಟಿಎಲ್ ಅನ್ನು (ಹಳೆಯ ವಿಳಾಸವನ್ನು ಬೇರೆಯವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಅವಧಿಯನ್ನು) 300 ಸೆಕೆಂಡಿಗೆ ಇಳಿಸಿ. ಆಗ ಬದಲಾವಣೆ ಬೇಗ ಹರಡುತ್ತದೆ, ತಪ್ಪಾದರೆ ಬೇಗ ಹಿಂದಕ್ಕೂ ಬರಬಹುದು. ಈಗಿನ ಡಿಎನ್‌ಎಸ್ ದಾಖಲೆಗಳನ್ನೆಲ್ಲ ಒಂದು ಕಡೆ ಬರೆದಿಡಿ, ಮುಖ್ಯವಾಗಿ ಇಮೇಲಿಗೆ ಸಂಬಂಧಿಸಿದ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್. ಸೈಟ್ ಚೆನ್ನಾಗಿ ಬಂದು ಇಮೇಲ್ ನಿಂತುಹೋಗುವ ಪ್ರಸಂಗಗಳು ಇವನ್ನು ಮರೆತಾಗಲೇ ಆಗುವುದು.

ಹೊಸ ಸರ್ವರ್‌ನಲ್ಲಿ ಸೈಟನ್ನು ಪೂರ್ತಿ ಸಿದ್ಧಮಾಡಿ. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಹೊಸ ಐಪಿ ಹಾಕಿದರೆ ನಿಮಗೊಬ್ಬರಿಗೆ ಹೊಸ ಸೈಟ್ ಕಾಣುತ್ತದೆ, ಲೋಕಕ್ಕೆ ಹಳೆಯದೇ. ಆಗ ಎನ್‌ಕ್ವೈರಿ ಫಾರ್ಮ್ ತುಂಬಿ, ಮೇಲ್ ನಿಜವಾಗಿ ಬಂತಾ ನೋಡಿ. ಡೀಲರ್ ಆಗಿ ಲಾಗಿನ್ ಆಗಿ. ಮೊಬೈಲ್‌ನಲ್ಲೂ ತೆರೆದು ನೋಡಿ, ಡೀಲರ್‌ಗಳು ಕಂಪ್ಯೂಟರ್ ಮುಂದೆ ಕೂರುವುದಿಲ್ಲ.

ಬದಲಾಯಿಸುವ ದಿನ ಮಂಗಳವಾರ ಅಥವಾ ಬುಧವಾರ ಬೆಳಗ್ಗೆ ಇರಲಿ. ಮಂಗಳವಾರ ಬೇಡ ಅನ್ನುವವರಿಗೆ ಬುಧವಾರ. ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ, ತಿಂಗಳ ಕೊನೆ ಯಾವುದೂ ಬೇಡ. ಬದಲಾಯಿಸುವ ಒಂದು ಗಂಟೆ ಮೊದಲು ಹಳೆಯ ಸೈಟಿನಲ್ಲಿ ಹೊಸ ಆರ್ಡರ್ ಹಾಕುವುದನ್ನು ನಿಲ್ಲಿಸಿ. ಆಮೇಲೆ ಕೊನೆಯ ಸಲ ಡೇಟಾಬೇಸ್ ಕಾಪಿ ಮಾಡಿ. ಇಲ್ಲದಿದ್ದರೆ ಎರಡು ಸೈಟಿನಲ್ಲಿ ಎರಡು ಬಗೆಯ ಆರ್ಡರ್ ಕೂತು, ಕೂಡಿಸಲು ಒದ್ದಾಡಬೇಕು.

ಎಲ್ಲ ಸರಿಯಾಯಿತು ಅಂತ ಹಳೆಯ ಹೋಸ್ಟಿಂಗನ್ನು ಅವತ್ತೇ ರದ್ದು ಮಾಡಬೇಡಿ. ಎರಡು ವಾರ ಇಟ್ಟುಕೊಂಡು ಹಳೆಯ ಸರ್ವರ್‌ನ ಲಾಗ್ ನೋಡುತ್ತಿರಿ. ಅಲ್ಲಿಗೆ ಇನ್ನೂ ಯಾರೋ ಬರುತ್ತಿದ್ದರೆ ಎಲ್ಲೋ ಒಂದು ಡಿಎನ್‌ಎಸ್ ದಾಖಲೆಯೋ, ಯಾವುದೋ ಸ್ಕ್ರಿಪ್ಟಿನಲ್ಲಿ ಬರೆದಿಟ್ಟ ಹಳೆಯ ಐಪಿಯೋ ಉಳಿದಿದೆ. ಅದು ಪೂರ್ತಿ ನಿಂತ ಮೇಲೆ ಒಂದು ಕೊನೆಯ ಪ್ರತಿ ಇಳಿಸಿಕೊಂಡು ಖಾತೆ ಮುಚ್ಚಿ, ಆಟೋ ರಿನ್ಯೂವಲ್‌ಗೆ ಕೊಟ್ಟಿದ್ದ ಕಾರ್ಡನ್ನೂ ತೆಗೆದುಹಾಕಿ. ಆಫೀಸಿನ ಯಂತ್ರದಿಂದಲೇ ಹೊರಟಿದ್ದರೆ ಫೈರ್‌ವಾಲ್‌ನಲ್ಲಿ ಸೈಟಿಗಾಗಿ ತೆರೆದಿದ್ದ 80, 443ನೇ ಪೋರ್ಟ್‌ಗಳನ್ನು ಮುಚ್ಚುವುದು ಬಾಕಿ ಇರುತ್ತದೆ. ಹಳೆಯ ಸೈಟಿಗೆ ಬರುವವರು ಪೂರ್ತಿ ನಿಂತ ದಿನವೇ ಅದನ್ನು ಮಾಡಿ ಮುಗಿಸಿ.